ಅಮ್ಮನ ಕಡೆಯಿಂದ ಬಂದದ್ದು

ನವೆಂಬರ್ ೧೧, ಮಂಗಳವಾರ

ಮನೆಯ ಎದುರುಪಕ್ಷವಾದ ಚಿರಂಜೀವಿ ಕಿರಿಮಗಳಿಗೆ,

ನಿನ್ನ ತಂದೆಯ ಆಶೀರ್ವಾದ. ನಾವಿಬ್ಬರೂ ಇದ್ದೇವೆ. ‘ಕ್ಷೇಮ’ ಎಂದು ಬರೆಯಹೊರಟವನು ತಡೆದುಕೊಂಡೆ. ಸಾಬೀತುಪಡಿಸಲಾಗದ ಮಾತಿನಿಂದ ವಾದವನ್ನು ಆರಂಭಿಸಬಾರದೆಂಬುದು ನನ್ನ ಹಳೆಯ ನಿಯಮ. ನಿನ್ನ ಕಾಗದಕ್ಕೆ ಇಷ್ಟು ತಡವಾಗಿ ಉತ್ತರಿಸುತ್ತಿರುವುದಕ್ಕೆ ಬೇಸರಿಸಬೇಡ. ಈಚೆಗೆ ಹೊರಗಿನ ಓಡಾಟ ಹೆಚ್ಚಾಗಿತ್ತು. ಫೋನು ಮಾಡಬಹುದಿತ್ತಲ್ಲ ಎನ್ನುವೆ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯೆ. ಕಾಗದದಲ್ಲಿ ನನ್ನ ಸರದಿ ಮುಗಿಯುವವರೆಗೆ ನೀನು ಕೇಳಲೇಬೇಕು.

ನಿನಗೆ ‘ಎದುರುಪಕ್ಷ’ ಎಂದು ಹೆಸರಿಟ್ಟವಳು ನಿನ್ನ ಅಕ್ಕ. ಊಟದ ಮೇಜಿನಲ್ಲಿ ನಾನು ಏನೇ ಹೇಳಲಿ, ‘ಮಾನ್ಯ ಅಧ್ಯಕ್ಷರೇ, ನಾನಿದನ್ನ ಒಪ್ಪಲ್ಲ’ ಎಂದು ನೀನು ಚಮಚ ಎತ್ತಿ ಹಿಡಿಯುತ್ತಿದ್ದೆ. ಅವಳು ತೀರ್ಪುಗಾರಳಂತೆ ಕೂತು ಇಬ್ಬರ ತಟ್ಟೆಯಿಂದಲೂ ಒಂದೊಂದು ತುತ್ತು ಕದಿಯುತ್ತಿದ್ದಳು. ಅವಳು ತೀರಿಹೋದ ಮೇಲೆ ಆ ಮೇಜಿನಲ್ಲಿ ಯಾರೂ ಯಾರ ಮಾತನ್ನೂ ಅಲ್ಲಗಳೆದಿಲ್ಲ. ಅದು ಒಳ್ಳೆಯ ಲಕ್ಷಣವಲ್ಲ.

ಕಳೆದ ಸಲ ನಾನು ನಿನ್ನ ಆಸ್ಪತ್ರೆಗೆ ಬಂದಾಗ ನೀನು ಅಪಘಾತದ ವಾರ್ಡಿನ ಹೊರಗೆ ಬೆಂಚಿನ ಮೇಲೆ ನನ್ನನ್ನು ಕೂರಿಸಿ ಒಳಗೆ ಓಡಿದ್ದೆ. ಕಟ್ಟಡದ ಸಾರುವೆಯಿಂದ ಬಿದ್ದ ಗಾರೆ ಕೆಲಸದವನೊಬ್ಬನನ್ನು ಕರೆತಂದಿದ್ದರು. ಪರದೆ ಪೂರ್ತಿ ಎಳೆದಿರಲಿಲ್ಲ. ನಿನ್ನ ಕಿರಿಯ ವೈದ್ಯರೆಲ್ಲ ಅವನ ತಲೆಯ ಸುತ್ತ ನೆರೆದಿದ್ದರು.

‘ಅಲ್ಲೇನು ಸಿನಿಮಾ ಟಿಕೆಟ್ ಕೊಡ್ತಿದ್ದಾರಾ? ಎಲ್ರೂ ಅಲ್ಲೇ ಇದ್ದೀರಲ್ಲ’ ಎಂದೆ ನೀನು.

‘ತಲೆಯಿಂದ ರಕ್ತ ಸುರೀತಿದೆ ಮೇಡಂ.’

‘ಕಾಣ್ತಿದೆ. ಒಬ್ಬರು ಒತ್ತಿ ಹಿಡೀರಿ, ಸಾಕು. ಕುತ್ತಿಗೆ ಅಲುಗಿಸ್ಬೇಡಿ. ಉಸಿರು ಸರಿಯಿದೆಯಾ? ಸರಿ. ಹಾಗಾದ್ರೆ ನಾಡಿ ಯಾಕೆ ಇಷ್ಟು ಓಡ್ತಿದೆ? ರಕ್ತ ಇನ್ನೆಲ್ಲೋ ಹೋಗ್ತಿದೆ. ಬಟ್ಟೆ ಕತ್ತರಿಸಿ, ಹೊಟ್ಟೆ ನೋಡಿ.’

ಅವನ ಹೊಟ್ಟೆಯೊಳಗೆ ಎಡಪಕ್ಕೆಯ ಕೆಳಗಿನ ಗುಲ್ಮ ಒಡೆದು ರಕ್ತ ತುಂಬುತ್ತಿತ್ತೆಂದು ಆಮೇಲೆ ನೀನೇ ಹೇಳಿದೆ. ಆಪರೇಷನ್ ಮುಗಿಸಿ ಬಂದು ನನ್ನ ಪಕ್ಕದಲ್ಲಿ ಕೂತು, ಕಣ್ಣು ಮುಚ್ಚಿಕೊಂಡು, ‘ಕಾಣೋ ಗಾಯಕ್ಕೆ ಎಲ್ರೂ ಇರ್ತಾರೆ ಅಪ್ಪ’ ಎಂದೆ. ನಾನು ಆ ಮಾತನ್ನು ಮೆಚ್ಚಿದೆ. ಹೇಳಲಿಲ್ಲ, ಅಷ್ಟೆ.

ಈಗ ವಿಷಯಕ್ಕೆ ಬರುತ್ತೇನೆ. ಅಕ್ಕನಿಗೆ ಸ್ತನದ ಗಂಟು ಕೈಗೆ ಸಿಕ್ಕುವಷ್ಟರಲ್ಲಿ ಕ್ಯಾನ್ಸರು ಕಂಕುಳಿಗೆ ದಾಟಿತ್ತು. ಅವಳ ರಕ್ತದಲ್ಲಿ ವಂಶದಿಂದ ಬಂದ ದೋಷವಿದೆಯೆಂದೂ, ತಂದೆ ತಾಯಿ ತಂಗಿ ಮೂವರೂ ಪರೀಕ್ಷಿಸಿಕೊಳ್ಳಬೇಕೆಂದೂ ಡಾಕ್ಟರು ಅಂದೇ ಹೇಳಿದ್ದರು. ನಿನ್ನಮ್ಮನ ತಂಗಿ, ನಿನ್ನ ಚಿಕ್ಕಮ್ಮ, ಅದೇ ಕಾಯಿಲೆಯಿಂದ ತೀರಿಕೊಂಡಿದ್ದರಿಂದ ಎಲ್ಲಿಂದ ಬಂತೆಂಬುದು ಯಾರಿಗೂ ಪ್ರಶ್ನೆಯಾಗಲಿಲ್ಲ. ‘ಗೊತ್ತಿರೋದನ್ನೇ ಸೂಜಿ ಚುಚ್ಚಿ ಬೇರೆ ಹೇಳ್ಬೇಕಾ?’ ಎಂದು ನಿನ್ನಮ್ಮ ಎದ್ದು ಬಂದಳು. ಅಂದಿನಿಂದ ಅವಳು ತನ್ನ ಬಟ್ಟೆಗಳನ್ನು ಬೇರೆ ಬಕೆಟ್ಟಿನಲ್ಲಿ ನೆನೆಸುತ್ತಾಳೆ. ಅದು ಅಂಟುವ ರೋಗವಲ್ಲವೆಂದು ನೀನು ಎಷ್ಟು ತಿಳಿಹೇಳಿದರೂ, ‘ನನ್ನಿಂದ ಇನ್ನೇನೂ ಯಾರಿಗೂ ಹೋಗೋದು ಬೇಡ’ ಎನ್ನುತ್ತಾಳೆ.

ಆದ್ದರಿಂದಲೇ ನೀನು ಪರೀಕ್ಷೆ ಮಾಡಿಸಿಕೊಂಡಿಲ್ಲ. ‘ನಂಗೂ ಇದೆ ಅಂತ ಬಂದ್ರೆ ಅಮ್ಮ ಉಳಿಯಲ್ಲ. ಅಮ್ಮ ಇರೋವರೆಗೂ ಬೇಡ. ಇದರಲ್ಲಿ ಚರ್ಚೆ ಬೇಡ ಅಪ್ಪ’ ಎಂದು ಬರೆದಿದ್ದೀಯೆ. ಚರ್ಚೆ ಬೇಡ ಎಂದು ಯಾರಿಗೆ ಹೇಳುತ್ತಿದ್ದೀಯೆ ಎಂಬುದನ್ನಾದರೂ ಯೋಚಿಸಬೇಡವೇ?

ನನ್ನ ವಾದ ಚಿಕ್ಕದು. ನಿನ್ನಮ್ಮನ ದುಃಖ ನಮ್ಮೆಲ್ಲರ ಕಣ್ಣಿಗೆ ಕಾಣುವ ಗಾಯ. ನಾವು ಅದನ್ನೇ ಸುತ್ತುವರಿದು ನಿಂತಿದ್ದೇವೆ. ಗುರುತಿಲ್ಲದ ಗಾರೆಯವನ ಬಟ್ಟೆ ಕತ್ತರಿಸಿ ನೋಡುವ ನೀನು ನಿನ್ನ ವಿಷಯದಲ್ಲಿ ಪರದೆ ಎಳೆದಿದ್ದೀಯೆ. ದೋಷವಿದ್ದರೆ ಈಗಿನಿಂದಲೇ ಕಾವಲಿರಬಹುದು, ಬೇಗ ಹಿಡಿಯಬಹುದು, ಬರದಂತೆ ಮಾಡುವ ಆಪರೇಷನ್ನಿನ ಬಗ್ಗೆಯೂ ಯೋಚಿಸಬಹುದು. ಇವೆಲ್ಲ ನೀನೇ ನನಗೆ ಹೇಳಿಕೊಟ್ಟ ಸಂಗತಿಗಳು. ಇನ್ನು ಕರುಣೆಯ ಮಾತು. ತಾಯಿಯನ್ನು ಉಳಿಸಲು ಮಗಳು ತನ್ನ ಅಪಾಯವನ್ನು ಬಚ್ಚಿಡುವುದು ಕರುಣೆಯೆಂದು ನಿನಗನ್ನಿಸಬಹುದು. ಆದರೆ ಅದು ಆ ತಾಯಿಯ ಮೇಲೆ ಅವಳನ್ನು ಕೇಳದೆಯೇ ಹೊರಿಸಿದ ಇನ್ನೊಂದು ಸಾವಿನ ಹೊಣೆಯೂ ಆಗಬಹುದು. ಇದಕ್ಕೆ ಪ್ರತಿವಾದವಿದ್ದರೆ ಬರೆ. ಇಲ್ಲವಾದರೆ ಈ ವಾರವೇ ರಕ್ತ ಕೊಡು.

ಸರಿಯಾಗಿ ಊಟ ಮಾಡು, ನಿಂತುಕೊಂಡು ತಿನ್ನಬೇಡ. ನಿನ್ನ ಕೈಗೆ ಬಂದ ಜೀವಗಳು ಉಳಿಯಲಿ, ನಿನ್ನ ಜೀವವೂ ಅವುಗಳಲ್ಲಿ ಒಂದಾಗಿರಲಿ ಎಂದು ಹರಸುತ್ತೇನೆ.

ನಿನ್ನ,
ಅಪ್ಪ

ಮರೆತ ಮಾತಲ್ಲ, ತಡೆದಿಟ್ಟ ಮಾತು: ಅನುಕಂಪದಿಂದ ಗೆದ್ದ ವಾದ ಗೆಲುವಲ್ಲವೆಂದು ಕಾಲೇಜಿನ ವೇದಿಕೆಯಲ್ಲಿ ಕಲಿತವನು ನಾನು. ಅದಕ್ಕೇ ಇದನ್ನು ಸಹಿಯ ಕೆಳಗೆ ಇಟ್ಟಿದ್ದೇನೆ.

ಸ್ನಾನ ಮಾಡಿ ಮೈ ಒರೆಸಿಕೊಳ್ಳುವಾಗ ನನ್ನ ಎಡ ಮೊಲೆತೊಟ್ಟಿನ ಹಿಂದೆ ಗಟ್ಟಿಯಾದದ್ದೊಂದು ಕೈಗೆ ತಗುಲಿತು. ನೋವಿರಲಿಲ್ಲ. ತೊಟ್ಟು ಒಳಕ್ಕೆ ಎಳೆದುಕೊಂಡಿತ್ತು. ಅಕ್ಕನನ್ನು ನೋಡಿದ ಡಾಕ್ಟರಮ್ಮನ ಬಳಿಗೇ ಹೋದೆ. ಬಾಗಿಲಲ್ಲೇ ಗುರುತಿಸಿ, ‘ಬನ್ನಿ ಸರ್, ಮನೇಲಿ ಎಲ್ರೂ ಹೇಗಿದ್ದಾರೆ?’ ಎಂದರು. ಕಂಕುಳನ್ನು ಒತ್ತಿ ನೋಡುವಾಗ ಆಕೆ ಮಾತು ನಿಲ್ಲಿಸಿದರು. ಅಕ್ಕನ ಸಲವೂ ಆಕೆ ಹೀಗೆಯೇ ಮಾತು ನಿಲ್ಲಿಸಿದ್ದರು.

‘ಗಂಡಸರಿಗೆ ಇದು ಬರೋದಿಲ್ಲವಲ್ಲ’ ಎಂದೆ.

‘ಅಪರೂಪಕ್ಕೆ ಬರುತ್ತೆ ಸರ್. ಬರಲ್ಲ ಅಂದುಕೊಂಡೇ ತಡವಾಗಿ ಬರ್ತಾರೆ.’

ಚೂರು ತೆಗೆದು ನೋಡಿದರು. ಕ್ಯಾನ್ಸರೇ. ರಕ್ತವನ್ನೂ ಪರೀಕ್ಷೆಗೆ ಕಳಿಸಿದರು. ನನ್ನ ಹೊರಗಿನ ಓಡಾಟ ಎಂದರೆ ಇದೇ. ನಿನ್ನೆ ಕರೆದು ಕೂರಿಸಿಕೊಂಡು ಹೇಳಿದರು: ಅಕ್ಕನಲ್ಲಿದ್ದ ದೋಷ, ಅದೇ ಜೀನಿನ ಅದೇ ಜಾಗದ್ದು, ನನ್ನ ರಕ್ತದಲ್ಲಿದೆ. ‘ಅದು ಅಮ್ಮನ ಕಡೆಯದಲ್ಲ ಸರ್. ನಿಮ್ಮದು.’ ಚಿಕ್ಕಮ್ಮನ ಕಾಯಿಲೆಗೂ ಅಕ್ಕನ ಕಾಯಿಲೆಗೂ ಸಂಬಂಧ ಕಾಣುವುದಿಲ್ಲವಂತೆ. ನನಗೆ ಅಕ್ಕತಂಗಿಯರಿರಲಿಲ್ಲ, ಸೋದರತ್ತೆಯರಿರಲಿಲ್ಲ. ಗಂಡಸರ ಸಾಲಿನಲ್ಲಿ ಅದು ಸದ್ದಿಲ್ಲದೆ ಇಳಿದು ಬಂದು, ಸಿಕ್ಕಿದ ಮೊದಲ ಹೆಣ್ಣುಮಗುವಿನಲ್ಲಿ ಹೊರಬಿದ್ದಿದೆ. ನೀನು ಎರಡನೆಯವಳು. ನಿನಗೆ ಬಂದಿರುವ, ಬಾರದಿರುವ ಸಾಧ್ಯತೆ ಸಮಸಮ.

ಆಪರೇಷನ್ನು ಮುಂದಿನ ವಾರ. ನನ್ನನ್ನು ನೋಡಲು ಓಡಿ ಬರಬೇಡ. ಮೊದಲು ರಕ್ತ ಕೊಡು, ಆಮೇಲೆ ಬಾ.

ನಿನ್ನಮ್ಮನಿಗೆ ನಿನ್ನೆ ರಾತ್ರಿಯೇ ಹೇಳಿದೆ. ಅವಳು ಅಳಲಿಲ್ಲ. ‘ನನ್ನಿಂದ ಅಲ್ವಾ?’ ಎಂದು ಕೇಳಿದಳು. ಅಲ್ಲ ಎಂದೆ. ಮತ್ತೊಮ್ಮೆ ಕೇಳಿದಳು, ಮತ್ತೊಮ್ಮೆ ಹೇಳಿದೆ. ಗೋಡೆಗೆ ಒರಗಿ ಕೂತು, ‘ಚಿಕ್ಕವಳು ಮಾಡಿಸ್ಕೊಂಡಳಾ?’ ಎಂದಳು. ಇಲ್ಲ ಎಂದೆ.

‘ಡಾಕ್ಟರಾಗಿ ಇನ್ನೂ ಯಾಕೆ ಮಾಡಿಸ್ಕೊಂಡಿಲ್ಲ?’

ಉತ್ತರ ನನಗೆ ಗೊತ್ತಿತ್ತು. ಅವಳು ಇನ್ನೂ ಕೇಳುತ್ತಿದ್ದಾಳೆ.