ಸಾಲಿನಲ್ಲಿ ಮೂರನೆಯವರು

ಬ್ಲ್ಯಾಕ್‌ಟೌನ್, ಭಾನುವಾರ

ಚಿ. ಸಂಯುಕ್ತಾಳಿಗೆ ಅಮ್ಮನ ಆಶೀರ್ವಾದ.

ನೀನು ಮಾಡಿದ ಫಿಲ್ಮನ್ನು ನಿನ್ನೆ ಇಲ್ಲಿಯ ಲೈಬ್ರರಿಯಲ್ಲಿ ನೋಡಿದೆ. "ನಂಗೊಬ್ಬ ತಮ್ಮ ಯಾಕಿಲ್ಲ ಅಂದ್ರೆ ಅಮ್ಮ ಎದ್ದು ಅಡುಗೆಮನೆಗೆ ಹೋಗೋಳು" ಅಂತ ಅದರಲ್ಲಿ ಹೇಳಿದ್ದೀಯ. ನಿಜ.

ಆಮೇಲೆ ನಿನ್ನ ತೊಟ್ಟಿಲಿನ ಫೋಟೋ ಬೆನ್ನಿಗೇ ತುರ್ತುಪರಿಸ್ಥಿತಿ ಕಾಲದ ಸರ್ಕಾರಿ ಸುದ್ದಿಚಿತ್ರದ ರೀಲು ಬಂತು. ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸಿಕೊಳ್ಳಲು ಗಂಡಸರು ಸಾಲಾಗಿ ನಿಂತಿದ್ದರು. ಅದರಲ್ಲಿ ಮೂರನೆಯವರು ನಿಮ್ಮಪ್ಪ.

ಆಗ ಮೇಷ್ಟ್ರುಗಳು ತಲಾ ಇಬ್ಬರನ್ನು ಆಪರೇಷನ್‌ಗೆ ಕರೆತರಬೇಕು ಅಂತ ಸರ್ಕಾರದ ಆದೇಶವಿತ್ತು. ಮೇಷ್ಟ್ರಾಗಿದ್ದ ಇವರಿಗೆ ಒಬ್ಬನೇ ಸಿಕ್ಕಿದ್ದ; ಎರಡನೆಯವರಾಗಿ ತಾವೇ ಹೋಗಿ ನಿಂತರು. ಅವತ್ತು ನನಗೆ ಸ್ಕೂಲ್ ಇನ್‌ಸ್ಪೆಕ್ಷನ್ ಅಂದಿದ್ದರು. ರೀಲಿನಲ್ಲಿ ಅವರು ತೊಟ್ಟಿರುವ ಶರ್ಟಿಗೆ ಇಸ್ತ್ರಿ ಮಾಡಿಕೊಟ್ಟವಳು ನಾನೇ. ಇದನ್ನು ನಿನಗೆ ಹೇಳಲು ಅವರು ಸಾಯುವತನಕ ಬಿಡಲಿಲ್ಲ.

ಫಿಲ್ಮಿನಿಂದ ಏನೂ ತೆಗೆಯಬೇಡ. ಆ ವಯಸ್ಸಿನ ಅವರ ಫೋಟೋ ನನ್ನ ಹತ್ತಿರ ಒಂದೂ ಇಲ್ಲ. ನೀನಿರುವ ಬಾಕ್ಸ್ ಹಿಲ್‌ನಲ್ಲೇ ಆ ರೀಲಿನಿಂದ ಒಂದು ಪ್ರಿಂಟ್ ಹಾಕಿಸಿ ಕಳಿಸು. ಮುಖವಷ್ಟೇ ಬರಲಿ. ಸಾಲು ಕಾಣಬಾರದು.

ಅಮ್ಮ