ಕೆಂಪು ಗೆರೆ ಕಾಣದ ಯಂತ್ರ

ಶನಿವಾರ, ಮಾರ್ಚ್ ೧೫

ಗುಬ್ಬಿ,

ನೀನೂ ಅಳಿಯಂದಿರೂ ಚೆನ್ನಾಗಿದ್ದೀರಿ ಎಂದುಕೊಂಡು ಬರೆಯುತ್ತಿದ್ದೇನೆ. ನಾವಿಬ್ಬರೂ ಗಟ್ಟಿಯಾಗಿದ್ದೇವೆ. ಈ ಕಾಗದ ಎರಡು ವರ್ಷ ತಡವಾಯಿತು. ಕೆಲಸವಿತ್ತು, ಕಣ್ಣು ಮಂಜಾಗಿತ್ತು ಎಂದೆಲ್ಲ ಬರೆಯಬಹುದು. ನೀನು ನಂಬುವುದಿಲ್ಲ, ನಾನೂ ನಂಬುವುದಿಲ್ಲ. ಫೋನ್ ಮಾಡೋಣವೆಂದರೆ ನೀನು ಹಲೋ ಅನ್ನುವ ಮೊದಲೇ ನನ್ನ ದನಿ ಏರಿರುತ್ತದೆ. ನಿಮ್ಮಪ್ಪ ತಾರಸಿಗೆ ಹೋಗಿ ನಿನ್ನ ಜೊತೆ ಮಾತಾಡುವುದು ನನಗೆ ಗೊತ್ತು. ಬಟ್ಟೆ ಒಣಗಿದೆಯೋ ನೋಡಿ ಬರುತ್ತೇನೆ ಅನ್ನುತ್ತಾರೆ. ಒಗೆಯದ ದಿನವೂ ನೋಡಿ ಬರುತ್ತಾರೆ. ಈ ಒಂದು ಸುದ್ದಿಯನ್ನು ಮಾತ್ರ ನಾನೇ ಬರೆಯುತ್ತೇನೆ ಎಂದು ಅವರ ಬಾಯಿ ಕಟ್ಟಿದ್ದೇನೆ.

ನಮ್ಮ ಸೋಪು ನಿನ್ನೆ ದೊಡ್ಡ ಅಂಗಡಿಯ ಕಪಾಟು ಹತ್ತಿತು.

ನೀನು ಹೋದ ಮೇಲೆ ನಮ್ಮ ಸೋಪು ಇಡುತ್ತಿದ್ದ ಚಿಕ್ಕ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಉಳಿದವರು ಬಾರ್‌ಕೋಡ್ ಇಲ್ಲದ ಮಾಲು ಬೇಡ ಅಂದರು. ಕೊನೆಗೆ ಉಳಿದದ್ದು ಮುಖ್ಯ ರಸ್ತೆಯ ದೊಡ್ಡ ಅಂಗಡಿ ಒಂದೇ. ಅಲ್ಲಿ ಮಾಲು ಆರಿಸುವ ಹೆಂಗಸು ನಿಂಬೆ ಸೋಪನ್ನು ಮೂಸಿ ನೋಡಿ ಒಪ್ಪಿದಳು. ಆದರೆ ಮಾರ್ಚ್ ಹದಿನಾಲ್ಕರೊಳಗೆ ಬಾರ್‌ಕೋಡ್ ಹಾಕಿ ತರಬೇಕು, ಇಲ್ಲದಿದ್ದರೆ ಆ ಜಾಗ ಬೇರೆಯವರಿಗೆ ಅಂದಳು. ಅದೂ ಕೈತಪ್ಪಿದ್ದರೆ ಒಲೆ ಆರಿಸಿ, ಅಚ್ಚು ತೊಳೆದಿಟ್ಟು, ಸೋಪು ಸುತ್ತುವ ಹೆಂಗಸರಿಬ್ಬರಿಗೂ ನಾಳೆಯಿಂದ ಬರಬೇಡಿ ಎನ್ನಬೇಕಿತ್ತು.

ಎರಡು ವರ್ಷದ ಹಿಂದೆ ನೀನು ತಂದಿಟ್ಟ ಬಾರ್‌ಕೋಡಿನ ಅರ್ಜಿ ಹಳತಾಗಿತ್ತು. ಹೊಸದನ್ನು ತುಂಬಿಸಿ ಕಳಿಸಿದೆವು. ನನ್ನ ತಲೆಯಲ್ಲಿ ಏನಿತ್ತು ಗೊತ್ತಾ? ಆ ಗೆರೆಗಳಲ್ಲಿ ಬೆಲೆ ಬರೆದಿರುತ್ತದೆ ಅಂತ. ನಾಳೆ ಬೆಲೆ ಏರಿಸಿದರೆ ಗೆರೆ ದಪ್ಪ ಮಾಡಿಸಬೇಕಾ ಎಂದು ಆ ಹೆಂಗಸನ್ನೇ ಕೇಳಿದೆ. ಅವಳು ನಗು ತಡೆದುಕೊಂಡದ್ದು ನನಗೆ ಕಂಡಿತು. ಗೆರೆಯಲ್ಲಿರುವುದು ಬರೀ ಒಂದು ಸಂಖ್ಯೆಯಂತೆ, ಬೆಲೆ ಇರುವುದು ಅವರ ಕಂಪ್ಯೂಟರಿನಲ್ಲಂತೆ. ಸರಿ, ಹಾಗಾದರೆ ಎಲ್ಲಕ್ಕೂ ಒಂದೇ ಸಂಖ್ಯೆ ಸಾಕು, ಸೋಪು ಸೋಪೇ ಅಂದೆ.

"ಆಗಲಿ ಅಮ್ಮ. ನಿಂಬೆ ಖಾಲಿಯಾದಾಗ ನಾನು ಗುಲಾಬಿ ತರಿಸ್ತೀನಿ. ಪರವಾಗಿಲ್ವಾ?" ಅಂದಳು.

ಬೆರಳು ಮಡಿಚಿ ಎಣಿಸಿದೆ. ನಿಂಬೆ, ಗುಲಾಬಿ, ಬಿಳಿ. ಒಂದೊಂದರಲ್ಲೂ ಚಿಕ್ಕದು, ದೊಡ್ಡದು. ಆರು ಸೋಪಿಗೆ ಆರು ಸಂಖ್ಯೆ. ಒಂದೊಂದರಲ್ಲೂ ಹದಿಮೂರು ಅಂಕಿ, ಅದರಲ್ಲಿ ಕೊನೆಯದು ಕಾವಲಿನವನು. ಮೊದಲ ಹನ್ನೆರಡರಲ್ಲಿ ಒಂದು ಬಿಟ್ಟು ಒಂದನ್ನು ಮೂರರಿಂದ ಗುಣಿಸಿ ಎಲ್ಲ ಕೂಡಿದರೆ, ಮುಂದಿನ ಹತ್ತಕ್ಕೆ ಎಷ್ಟು ಕಡಿಮೆಯೋ ಅದೇ ಆ ಅಂಕಿ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು ನಾನು. ಆರನ್ನೂ ಬಾಯಲ್ಲೇ ಲೆಕ್ಕ ಹಾಕಿ ತಾಳೆ ನೋಡಿದೆ. ಸರಿಯಾಗಿತ್ತು. ನಿಮ್ಮಪ್ಪನ ಎದುರು ಎರಡು ದಿನ ಬೀಗಿದೆ.

ಬೀಗಿದ್ದು ಗುರುವಾರ ಬೆಳಗಿನವರೆಗೆ. ನಾವಿಬ್ಬರೂ ಅಂಗಡಿಗೆ ಮಾದರಿ ಒಯ್ದರೆ ಗೆರೆ ಓದುವ ಯಂತ್ರ ತುಟಿ ಬಿಚ್ಚಲಿಲ್ಲ. ಅಡ್ಡ ಹಿಡಿದರು, ಉದ್ದ ಹಿಡಿದರು, ಲೇಬಲ್ ಒರೆಸಿ ಹಿಡಿದರು. ಊಹೂಂ. ಹಿಂದಿನ ಸಾಲಿನವರು ನಿಟ್ಟುಸಿರು ಬಿಡತೊಡಗಿದರು. ನಾನು ನೆಟ್ಟಗೆ ಲೇಬಲ್ ಅಚ್ಚು ಹಾಕಿದ ಪ್ರೆಸ್ಸಿಗೆ ಹೋಗಿ ಅಲ್ಲಿನವನ ಮೇಲೆ ಹರಿಹಾಯ್ದೆ. ನಾಲ್ಕು ಗೆರೆ ಎಳೆಯಲು ಬಾರದವನು ಪ್ರೆಸ್ ಯಾಕೆ ಇಟ್ಟೆ ಅಂದೆ. ಅವನು ತಣ್ಣಗೆ ಒಂದೇ ಮಾತು ಹೇಳಿದ:

"ನಾನು ಗೆರೆಗೆ ಕಪ್ಪು ಹಾಕ್ತೀನಿ ಅಂದೆ. 'ನಮ್ಮ ಲೇಬಲ್ ಇಪ್ಪತ್ತಾರು ವರ್ಷದಿಂದ ಕೆಂಪು, ಅದಕ್ಕೆ ಮಸಿ ಬಳೀಬೇಡ' ಅಂದೋರು ನೀವೇ."

ಹೌದು, ನಾನೇ. ಆದರೆ ಕೆಂಪಾದರೇನು, ಗೆರೆ ಕಾಣುವುದಿಲ್ಲವೇ? ಕುರುಡನಿಗೂ ಕಾಣುತ್ತದೆ! ಮನೆಗೆ ಬಂದು ಇದನ್ನೇ ಕೂಗಾಡುತ್ತಿದ್ದೆ. ನಿಮ್ಮಪ್ಪ, ಗುಲಾಬಿ ಸೋಪಿಗೆ ಸುತ್ತುತ್ತೇವಲ್ಲ, ಆ ತೆಳ್ಳನೆಯ, ಆಚೆ ಕಾಣುವ ಕೆಂಪು ಜಿಲೇಟಿನ್ ಕಾಗದದ ಒಂದು ತುಂಡು ಹರಿದು ಲೇಬಲ್ ಮೇಲೆ ಇಟ್ಟು, "ಇಲ್ಲಿ ನೋಡು" ಅಂದರು.

ಗೆರೆಗಳೇ ಇರಲಿಲ್ಲ. ಬರೀ ಕೆಂಪು ಕಾಗದ. ತೆಗೆದರು, ಬಂದವು, ಇಟ್ಟರು, ಹೋದವು. ಆ ಯಂತ್ರ ಬಿಡುವ ಬೆಳಕೂ ಕೆಂಪು, ಅದರ ಕಣ್ಣಿಗೆ ನಮ್ಮ ಗೆರೆ ಹೀಗೇ ಕಾಣುತ್ತದೆ ಅಂದರು. ಅಂಗಡಿಯಲ್ಲಿ ನಾನು ಯಂತ್ರವನ್ನು ಬೈಯುತ್ತಿದ್ದಾಗ ಅವರು ಬೆಳಕು ನೋಡುತ್ತಿದ್ದರಂತೆ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವರು ಗೆದ್ದ ಜಗಳ ಇದೊಂದೇ ಇರಬೇಕು, ಅದನ್ನೂ ಜಗಳವಾಡದೆ ಗೆದ್ದರು.

ಮತ್ತೆ ಪ್ರೆಸ್ಸಿಗೆ ಓಡಿದೆ. ತಪ್ಪಾಯಿತು ಅಂದೆ. ಅವನು ಕಿವಿ ಕೆರೆದುಕೊಂಡು ಇನ್ನೊಮ್ಮೆ ಹೇಳಿ ಅಂದ, ಹೇಳಲಿಲ್ಲ. ಬಿಳಿ ಕಾಗದದ ಮೇಲೆ ಕಪ್ಪು ಗೆರೆಯ ಸ್ಟಿಕ್ಕರ್ ಮಧ್ಯಾಹ್ನದೊಳಗೆ ಕೊಟ್ಟ. ಗೆರೆಗಳ ಎರಡೂ ಬದಿಗೆ ಖಾಲಿ ಜಾಗ ಬಿಡಲೇಬೇಕು ಎಂದು ಹೇಳಿ, ನಾನು ಆಸೆಪಟ್ಟು ಹಾಕಿಸಿದ್ದ ಹೂವಿನ ಅಂಚನ್ನೂ ಕತ್ತರಿಸಿ ಎಸೆದ. ಆಮೇಲೆ ಸುತ್ತುವವರಿಬ್ಬರೂ ಸೇರಿ ನಾವು ನಾಲ್ವರೂ ಕೂತು ಪ್ರತಿಯೊಂದು ಸೋಪಿನ ಕೆಂಪು ಗೆರೆಯ ಮೇಲೆ ಕಪ್ಪನ್ನು ಅಂಟಿಸಿದೆವು. ಸೊಂಟ ಇನ್ನೂ ನೆಟ್ಟಗಾಗಿಲ್ಲ.

ನಿನ್ನೆ ಬೆಳಿಗ್ಗೆ ಅಂಗಡಿಯ ಕೌಂಟರಿನಲ್ಲಿ ಮೊದಲು ನಿಂಬೆ ಹಿಡಿದರು. ಯಂತ್ರ ಕುಂಯ್ ಅಂದಿತು. ಪರದೆಯ ಮೇಲೆ 'ನಿಂಬೆ ಸೋಪು, ಚಿಕ್ಕದು' ಎಂದು ಬಂತು. ಆರೂ ಸೋಪು, ಆರು ಸಲ ಕುಂಯ್. ನಾನು ಅಲ್ಲೇ ಒಂದು ಖಾಲಿ ಡಬ್ಬದ ಮೇಲೆ ಕೂತುಬಿಟ್ಟೆ. ಎದೆಯ ಮೇಲಿನ ಬಂಡೆ ಇಳಿಸಿದ ಹಾಗಾಯಿತು. ಸುತ್ತುವ ಹೆಂಗಸರಿಗೆ ಹೇಳಿದರೆ ಒಬ್ಬಳು ಅತ್ತಳು, ಇನ್ನೊಬ್ಬಳು ಗುರುವಾರದ ಹೆಚ್ಚಿನ ಕೆಲಸಕ್ಕೆ ಒಂದು ದಿನ ರಜೆ ಕೇಳಿದಳು. ಕೊಟ್ಟೆ. ರಾತ್ರಿ ಊಟ ಸೇರಿತು, ನಿದ್ದೆಯೂ ಬಂತು. ಎಷ್ಟೋ ದಿನವಾಗಿತ್ತು.

ಸುದ್ದಿ ಇಷ್ಟೇ. ವೇಳೆಗೆ ಸರಿಯಾಗಿ ಉಣ್ಣು. ಅಳಿಯಂದಿರಿಗೆ ಬೆನ್ನು ನೋವಂತೆ, ಭಾರ ಎತ್ತಲು ಬಿಡಬೇಡ. ನಿಮ್ಮ ಮನೆ ತಣ್ಣಗಿರಲಿ, ನೀನು ಹಿಡಿದ ಕೆಲಸ ಕೈಗೂಡಲಿ.

ನಿನ್ನ
ಅಮ್ಮ

ಸಹಿ ಹಾಕಿದ ಮೇಲೆ ಬರೆದದ್ದು: ನೀನು ಅರ್ಜಿ ಹಿಡಿದು ಬಂದ ದಿನ, ಸುತ್ತುವವರಿಬ್ಬರ ಎದುರೇ ನಾನು, "ಎಣಿಸೋಕೆ ಒಂದು ಮಗು ಇಲ್ಲ, ನನಗೆ ಸಂಖ್ಯೆ ಕಲಿಸೋಕೆ ಬಂದ್ಲು" ಅಂದೆ. ಕಾಗದದ ಮೇಲೆ ಅದು ಇನ್ನೂ ಕೆಟ್ಟದಾಗಿ ಕಾಣುತ್ತದೆ. ಕಾಣಲಿ. ಕೋಪದಲ್ಲಿ ಬಾಯಿ ತಪ್ಪಿತು ಎಂದು ನಿಮ್ಮಪ್ಪನಿಗೂ ಅಳಿಯಂದಿರಿಗೂ ಹೇಳಿದ್ದೇನೆ. ಬಾಯಿ ತಪ್ಪಿರಲಿಲ್ಲ. ನೀನು ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದು ಒಂಬತ್ತು ದಿನವಾಗಿತ್ತು, ಅದು ನನಗೆ ಗೊತ್ತಿತ್ತು. ನೀನು ಹೇಳುತ್ತಿರುವುದು ಸರಿ ಎಂದೂ ಗೊತ್ತಿತ್ತು. ಸೋಲಲು ಮನಸ್ಸಿಲ್ಲದೆ, ಎಲ್ಲಿ ಹೊಡೆದರೆ ನೀನು ಏಳುವುದಿಲ್ಲವೋ ಅಲ್ಲಿ ನೋಡಿ ಹೊಡೆದೆ. ಕ್ಷಮಿಸು ಎಂದು ಕೇಳುವ ಮುಖವಿಲ್ಲ, ಆದರೂ ಕೇಳುತ್ತಿದ್ದೇನೆ. ಉತ್ತರ ಬರೆಯಲೇಬೇಕೆಂದಿಲ್ಲ. ಬೈದು ಬರೆದರೆ ಪೂರ್ತಿ ಓದುತ್ತೇನೆ. ಕಾಗದದಲ್ಲಾದರೆ ನಾನು ನಡುವೆ ಬಾಯಿ ಹಾಕಲು ಆಗುವುದಿಲ್ಲ.