ಕುಂಕುಮ ಹಚ್ಚಿದ ರೆಕಾರ್ಡ್

ಡಾರ್ಮ್‌ಸ್ಟಾಟ್, ಜರ್ಮನಿ, ಮಂಗಳವಾರ

ಅನುರಾಗ್ ಅವರಿಗೆ,

ನಿಮ್ಮ ಮನೆಯಲ್ಲಿ ಅಡುಗೆ ಮಾಡುವ ಮಾದೇವಿಯ ನಮಸ್ಕಾರ. ನೀವು ಕನ್ನಡ ನಿಧಾನವಾಗಿ ಓದುತ್ತೀರಿ, ಅದಕ್ಕೆ ಚಿಕ್ಕದಾಗಿ ಬರೆಯುತ್ತೇನೆ.

ನೀವು ಎಮೋ ಎನ್ನುವ, ಅಳುವ ಹಾಡುಗಳ ಆ ಬ್ರಿಟಿಷ್ ಬ್ಯಾಂಡಿನ ಮೊದಲ ರೆಕಾರ್ಡ್‌ಗೆ ಆಯುಧಪೂಜೆಯ ದಿನ ಗಂಧ, ಕುಂಕುಮ ಹಚ್ಚಿದವಳು ನಾನು. ಅದೇ ನಿಮ್ಮ ಆಯುಧ ಎಂದುಕೊಂಡೆ. ನೀವು ರೇಗಿದಾಗ ನಿಮ್ಮ ಅಮ್ಮ ತಾವೇ ಹಚ್ಚಿದ್ದು ಎಂದರು, ನಾನು ಹೆದರಿ ಸುಮ್ಮನಿದ್ದೆ. ಅವತ್ತು ಸಿಟ್ಟಿನಿಂದ ಬರ್ಲಿನ್‌ಗೆ ಹೋದ ನೀವು ಅವರಿಗೆ ಇನ್ನೂ ಫೋನ್ ಮಾಡಿಲ್ಲ.

ಈಗ ಅಮ್ಮ ದಿನಾ ಸಂಜೆ ಆ ರೆಕಾರ್ಡ್ ಹಾಕುತ್ತಾರೆ. ಮೂರನೇ ಹಾಡಿನಲ್ಲಿ ಕುಂಕುಮಕ್ಕೆ ಮುಳ್ಳು ಸಿಕ್ಕಿಕೊಳ್ಳುತ್ತದೆ. "ಈ ಹುಡುಗ ಇಷ್ಟೊಂದು ಅಳ್ತಾನಲ್ಲೇ, ಊಟ ಮಾಡಿದಾನೋ ಇಲ್ವೋ" ಎನ್ನುತ್ತಾ ಎದ್ದು ಮುಳ್ಳು ಸರಿಸುತ್ತಾರೆ.

ಈ ಕಾಗದದ ವಿಷಯ ಅವರಿಗೆ ನಾನೇ ಹೇಳುತ್ತೇನೆ. ಶನಿವಾರ ಫೋನ್ ಮಾಡಿ. ಮೊದಲು ಅಮ್ಮನ ಹತ್ತಿರ ಮಾತಾಡಿ, ಆಮೇಲೆ ನನಗೆ ಬೈಯಿರಿ.

ಇಂತಿ,
ಮಾದೇವಿ